ಗಿಗಾಹರ್ಟ್ಸ್ ಓಟ ಯಾಕೆ ನಿಂತಿತು?

ನಿಮ್ಮ ಪ್ರಶ್ನೆ ಇದು: 2004ರಲ್ಲೇ ಇಂಟೆಲ್ ಕಂಪನಿಯ 3.8 ಗಿಗಾಹರ್ಟ್ಸ್ ಪೆಂಟಿಯಮ್ ಚಿಪ್ ಸಿಗುತ್ತಿತ್ತು, ಇವತ್ತಿಗೂ ನಾಲ್ಕೈದರಲ್ಲೇ ಇದ್ದೇವೆ, ಹಾಗಾದರೆ ಚಿಪ್ ಕಂಪನಿಗಳು ಇಷ್ಟು ವರ್ಷ ಏನು ಪೈಪೋಟಿ ಮಾಡಿದವು?

ಆಗ ನಾನು ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡುತ್ತಿದ್ದೆ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಎಷ್ಟು ಗಿಗಾಹರ್ಟ್ಸ್?" ಇಂಟೆಲಿನ ಎದುರಾಳಿ ಎಎಮ್‌ಡಿಯ ಅಥ್ಲಾನ್ 64 ಚಿಪ್ ತೋರಿಸಿದರೆ ಮುಖ ಸಿಂಡರಿಸುತ್ತಿದ್ದರು. ಹೆಸರು 3200+, ಓಡುವುದು ಮಾತ್ರ 2 ಗಿಗಾಹರ್ಟ್ಸಿನಲ್ಲಿ. "ಇದೇನ್ರೀ ಮೋಸ?" ಅಂತ ಜಗಳಕ್ಕೆ ನಿಂತವರೂ ಉಂಟು. ಗೇಮ್ ಹಾಕಿ ತೋರಿಸಿದರೆ ಸುಮ್ಮನಾಗುತ್ತಿದ್ದರು. 3.2 ಗಿಗಾಹರ್ಟ್ಸಿನ ಪೆಂಟಿಯಮ್ 4ಕ್ಕೆ ಅದು ಎಷ್ಟೋ ಸಲ ಸೆಡ್ಡು ಹೊಡೆಯುತ್ತಿತ್ತು.

ಗಿಗಾಹರ್ಟ್ಸ್ ಹೇಳುವುದು ಸೆಕೆಂಡಿಗೆ ಎಷ್ಟು ಹೆಜ್ಜೆ ಅಂತ. ಒಂದು ಹೆಜ್ಜೆಗೆ ಎಷ್ಟು ಕೆಲಸ ಆಯಿತು ಅನ್ನುವುದು ಬೇರೆ ಲೆಕ್ಕ. ಪೆಂಟಿಯಮ್ 4ರದ್ದು ಪುಟ್ಟ ಹೆಜ್ಜೆ, ಜೋರು ಓಟ. 2004ರ ಪ್ರೆಸ್‌ಕಾಟ್ ಚಿಪ್‌ನಲ್ಲಿ ಕೆಲಸವನ್ನು 31 ಹಂತಗಳಾಗಿ ಒಡೆದಿದ್ದರು. ಇನ್ನೂ ಜೋರಾಗಿ ಓಡಿಸಬೇಕೆಂದರೆ ವೋಲ್ಟೇಜ್ ಏರಿಸಬೇಕು. ಕಷ್ಟ ಇರುವುದೇ ಇಲ್ಲಿ: ವೋಲ್ಟೇಜ್ ಎರಡು ಪಟ್ಟಾದರೆ ಅದರಿಂದಲೇ ವಿದ್ಯುತ್ ಖರ್ಚು ನಾಲ್ಕು ಪಟ್ಟು, ವೇಗದ ಖರ್ಚು ಬೇರೆ. ಸಾಲದ್ದಕ್ಕೆ ಚಿಪ್ ತಯಾರಿಕೆ 90 ನ್ಯಾನೋಮೀಟರ್‌ನಷ್ಟು ಸಣ್ಣ ಅಳತೆಗೆ ಇಳಿದಾಗ ಟ್ರಾನ್ಸಿಸ್ಟರ್‌ಗಳು, ಅಂದರೆ ಚಿಪ್‌ನೊಳಗಿನ ಪುಟ್ಟ ಸ್ವಿಚ್‌ಗಳು, ಸುಮ್ನೆ ಕೂತಾಗಲೂ ಕರೆಂಟ್ ಸೋರತೊಡಗಿತು. ಒಂದೇ ಕೋರ್‌ಗೆ (ಚಿಪ್‌ನಲ್ಲಿ ಲೆಕ್ಕ ಮಾಡುವ ಘಟಕಕ್ಕೆ) 115 ವಾಟ್!

ಇಂಟೆಲ್ ಮುಂದಿನ ಚಿಪ್ ತೇಜಸ್ ಅನ್ನು 2004ರ ಮೇನಲ್ಲಿ ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಮ್ 4 ಕೂಡ ರದ್ದು. ಇಂಟೆಲಿನ ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆ ಮಂಡಿಯೂರಿ ಕ್ಷಮೆ ಕೇಳಿದರು.

ಇಂಟೆಲನ್ನು ಕಾಪಾಡಿದ್ದು ಇಸ್ರೇಲಿನ ಹೈಫಾದಲ್ಲಿದ್ದ ಅದರದೇ ತಂಡ. ಅವರು ಲ್ಯಾಪ್‌ಟಾಪಿಗೆಂದು ಪೆಂಟಿಯಮ್ ಎಮ್ ಮಾಡಿದ್ದರು. ಬ್ಯಾಟರಿ ಉಳಿಸಬೇಕಲ್ಲ, ಪ್ರತಿ ವಾಟಿಗೂ ಜಿಪುಣತನ. ಅದೇ ದಾರಿ ಹಿಡಿದು 2006ರಲ್ಲಿ ಕೋರ್ 2 ಡ್ಯುಯೋ ಬಂತು. ಎರಡು ಕೋರ್, 65 ವಾಟ್, ಗಿಗಾಹರ್ಟ್ಸ್ ಕಮ್ಮಿ. ಆದರೂ ಹಳೆಯ ಪೆಂಟಿಯಮ್‌ಗಳನ್ನು ಹಿಂದೆ ಹಾಕಿತು, ಎಎಮ್‌ಡಿಗೂ ಬಿಸಿ ಮುಟ್ಟಿಸಿತು. ಆಮೇಲಿನ ಪೈಪೋಟಿಯೆಲ್ಲ ಒಂದು ವಾಟಿಗೆ ಎಷ್ಟು ಕೆಲಸ ಅನ್ನುವುದರ ಮೇಲೆಯೇ.

ತಮಾಷೆ ಅಂದರೆ, 2005ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ತಮ್ಮ ಮ್ಯಾಕ್‌ಗಳಲ್ಲಿದ್ದ ಪವರ್‌ಪಿಸಿ ಚಿಪ್ ಬಿಟ್ಟು ಇಂಟೆಲ್ ಕಡೆ ಹೋಗುವಾಗ ಕೊಟ್ಟ ಕಾರಣವೂ ಈ ವಾಟ್ ಲೆಕ್ಕವೇ. ಹದಿನೈದು ವರ್ಷಕ್ಕೆ ಆಪಲ್ ಅದೇ ಲೆಕ್ಕ ಹೇಳಿ ಇಂಟೆಲನ್ನೂ ಬಿಟ್ಟಿತು. ತನ್ನದೇ ಎಮ್1 ಚಿಪ್ ಹಾಕಿದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇರಲಿಲ್ಲ.