ಲಗ್ನಪತ್ರಿಕೆಯಲ್ಲಿ ಅಮ್ಮನ ಜಾಗ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ತಾಯಿ, ಮಗಳು ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ತಾಯಿ ಅಂಗನವಾಡಿ ಕಾರ್ಯಕರ್ತೆ. ಗಂಡ ತೀರಿಕೊಂಡು 6 ವರ್ಷ. ಮಗಳ ಮದುವೆಗೆ ಇನ್ನು ಒಂದೂವರೆ ತಿಂಗಳು. ತಾಯಿಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಮಗಳು ಬ್ಯಾಗಿನಿಂದ ಲಗ್ನಪತ್ರಿಕೆಯ ಪ್ರೂಫ್ ತೆಗೆದು ಮೇಜಿನ ಮೇಲಿಟ್ಟಳು.

ಕರೆಯುವವರ ಜಾಗದಲ್ಲಿ ದೊಡ್ಡಪ್ಪ, ದೊಡ್ಡಮ್ಮ. ಅಮ್ಮನ ಹೆಸರು ಮಗಳ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ. "ಶುಭಪತ್ರಿಕೆ ಇದು, ಮುತ್ತೈದೆಯರ ಹೆಸರಲ್ಲೇ ಕರೀಬೇಕು" ಎಂದಿದ್ದರಂತೆ ದೊಡ್ಡಪ್ಪ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟವರೂ ಅವರೇ. ತಾಯಿ ಬಾಯಿಬಿಟ್ಟಿದ್ದು ಒಮ್ಮೆ ಮಾತ್ರ: "ಭಾವನವರು ಕೆಟ್ಟವರಲ್ಲ ಮೇಡಂ. ಆದ್ರೆ ಚೀಟಿ ಹಾಕಿ ಒಡವೆ ಮಾಡಿಸಿದ್ದು ನಾನು."

ಮಗಳಿಗೆ ದೊಡ್ಡಪ್ಪನ ಹೆಸರೇ ಬೇಡ. ತಾಯಿಗೆ ಜಗಳ ಬೇಡ. ಎರಡರಲ್ಲಿ ಯಾವುದು ನಡೆದರೂ ಮದುವೆ ದಿನ ಒಬ್ಬರು ಮುಖ ಊದಿಸಿಕೊಂಡಿರುತ್ತಾರೆ.

ನಾನು ಹೇಳಿದ್ದು ಇಷ್ಟು. ಹೆತ್ತವರು ಇರುವಾಗ ಕರೆಯುವವರು ಅವರೇ. "ನನ್ನ ಮಗಳು ಚಿ.ಸೌ... ಳ ವಿವಾಹಕ್ಕೆ ತಾವು ಸಕುಟುಂಬ ಸಮೇತರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ" ಎಂದು ಬರೆದು, ಕೆಳಗೆ ತಾಯಿಯ ಹೆಸರೊಂದೇ. ಅದರ ಕೆಳಗೆ "ಸುಖಾಗಮನ ಬಯಸುವ" ಎಂದು ದೊಡ್ಡಪ್ಪ ದೊಡ್ಡಮ್ಮ, ಅದೇ ಅಳತೆಯ ಅಕ್ಷರದಲ್ಲಿ. ಅಪ್ಪನ ಹೆಸರು "ದಿ." ಸೇರಿಸಿ ವಧುವಿನ ಸಾಲಿನಲ್ಲಿ ಬರಲಿ. ಕರೆಯುವವರ ಸಾಲಿಗೆ ಬೇಡ. (ತೀರಿಕೊಂಡವರೇ ಊಟಕ್ಕೆ ಕರೆಯುವ ಕಾರ್ಡುಗಳನ್ನೂ ನೋಡಿದ್ದೇನೆ, ಪಾಪ.) ವಧೂವರರ ಹೆಸರು ಮಾತ್ರ ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಮುಂದೆ ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆ ಕೇಳುತ್ತಾರೆ.

ದೊಡ್ಡಪ್ಪನಿಗೆ ಇದನ್ನು ಹೇಳುವವರು ಯಾರು? ಮಗಳು ವಾಟ್ಸಾಪಿನಲ್ಲಿ ಉದ್ದ ಮೆಸೇಜ್ ಬರೆದಿಟ್ಟುಕೊಂಡಿದ್ದಳು. ಅಳಿಸಿಸಿದೆ. ತಾಯಿಯೇ ಪ್ರೂಫ್ ಹಿಡಿದು ಅವರ ಮನೆಗೆ ಹೋಗಲಿ, "ಭಾವ, ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಳ್ಳೋರು ನೀವೇ. ಕರೆಯೋದು ಮಾತ್ರ ನನ್ನ ಹೆಸರಲ್ಲಿ ಇರಲಿ" ಎಂದು ಕೇಳಲಿ ಎಂದೆ.

ತಾಯಿಯ ಇನ್ನೊಂದು ಸಂಕಟ ಹೊರಡುವಾಗ ಹೊರಬಂತು. ಕುಂಕುಮ ಕೊಟ್ಟು ಕರೆಯಲು ತಾನು ಹೋಗುವ ಹಾಗಿಲ್ಲವಂತೆ. ಯಾಕಿಲ್ಲ ಅಂತ ನಾನು ಕೇಳಿದೆ. ಅವರು ಸುಮ್ಮನಾದರು. ಸರಿ, ಮೊದಲು ಜೊತೆಯ ಕಾರ್ಯಕರ್ತೆಯರಿಂದ ಶುರುಮಾಡಿ ಎಂದೆ. ಅವರಿಗೆ ಅಚ್ಚಿನ ಮಾತು ಸಾಲದು. ಕಾರ್ಡಿನ ಹಿಂದೆ ಪೆನ್ನಲ್ಲಿ ಒಂದು ಸಾಲು: "ಹಿಂದಿನ ದಿನಾನೇ ಬನ್ನಿ, ನೀವಿದ್ರೆ ನಂಗೆ ಧೈರ್ಯ."

ಮೂರು ವಾರದ ನಂತರ ಮಗಳು ಫೋನ್ ಮಾಡಿದ್ದಳು. ದೊಡ್ಡಪ್ಪ ಹೂಂ ಅನ್ನಲಿಲ್ಲವಂತೆ, ಊಹೂಂ ಅಂತಲೂ ಅನ್ನಲಿಲ್ಲವಂತೆ. ಹೊಸ ಪ್ರೂಫಿನಲ್ಲಿ ತಮ್ಮ ಇನಿಷಿಯಲ್ ತಪ್ಪಾಗಿದೆ ಅಂತ ಕೆಂಪು ಪೆನ್ನಲ್ಲಿ ತಿದ್ದಿ ಕಳಿಸಿದ್ದಾರಂತೆ.