ಬಲೆಯಿಂದ ಬಿಡಿಸಿದ ಕಡಲಾಮೆಯನ್ನು ಕೂಡಲೇ ನೀರಿಗೆ ಬಿಡಬಹುದೇ?

ಪ್ರಶ್ನೆ: ನಮ್ಮ ಮನೆ ಕಾರವಾರದ ಹತ್ತಿರ ಮಾಜಾಳಿಯ ಕಡಲ ದಂಡೆಯಲ್ಲಿದೆ. ಕಳೆದ ಮಳೆಗಾಲದಲ್ಲಿ ಮುಂಗಾಲಿಗೆ ನೈಲಾನ್ ಬಲೆಯ ತುಂಡು ಸುತ್ತಿಕೊಂಡಿದ್ದ ದೊಡ್ಡ ಕಡಲಾಮೆಯೊಂದು ಮಧ್ಯಾಹ್ನದ ಹೊತ್ತಿಗೆ ದಡಕ್ಕೆ ಬಂದು ಬಿದ್ದಿತ್ತು. ಅಣ್ಣ ಮತ್ತು ನೆರೆಮನೆಯವರು ಬಲೆ ಕತ್ತರಿಸಿ, ಆಮೆಯನ್ನು ಹೊತ್ತುಕೊಂಡು ಹೋಗಿ ಅಲೆ ದಾಟಿಸಿ ಬಿಟ್ಟು ಬಂದರು. ಮರುದಿನ ಅದೇ ಆಮೆ ಸತ್ತು ದಡ ಸೇರಿತ್ತು. ಅದರ ಕಣ್ಣಿನಿಂದ ನೀರು ಇಳಿಯುತ್ತಿದ್ದುದನ್ನು ಕಂಡಿದ್ದ ಅಮ್ಮ ಇಂದಿಗೂ ಮರುಗುತ್ತಾರೆ. ನಮ್ಮಿಂದ ತಪ್ಪಾಯಿತೇ? ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು?

ಉತ್ತರ: ಬಲೆ ಬಿಡಿಸಿದ್ದು ಸರಿಯಾದ ಕೆಲಸ. ಆದರೆ ಅದಾದ ಮೇಲೆ ಆ ಆಮೆಗೆ ಬೇಕಿದ್ದುದು ನೀರಲ್ಲ, ವಿಶ್ರಾಂತಿ ಮತ್ತು ಚಿಕಿತ್ಸೆ. ಕಡಲಾಮೆ ಮೀನಿನಂತೆ ನೀರಿನಲ್ಲಿ ಉಸಿರಾಡುವ ಜೀವಿಯಲ್ಲ. ಅದಕ್ಕೆ ನಮ್ಮಂತೆಯೇ ಶ್ವಾಸಕೋಶಗಳಿವೆ, ಗಾಳಿಗಾಗಿ ಅದು ಮತ್ತೆ ಮತ್ತೆ ನೀರಿನ ಮೇಲೆ ಬರಲೇಬೇಕು. ಬಲೆಯನ್ನು ಎಳೆದುಕೊಂಡು ಈಜಿ ಸೋತ ಆಮೆಗೆ ತಲೆ ಎತ್ತುವ ಶಕ್ತಿಯೂ ಉಳಿದಿರುವುದಿಲ್ಲ. ಮಳೆಗಾಲದ ಪಡುವಣ ಗಾಳಿ ಅಂಥ ಆಮೆಗಳನ್ನೂ ಹರಿದ ಬಲೆಯ ತುಂಡುಗಳನ್ನೂ ನಮ್ಮ ದಡಕ್ಕೆ ತಳ್ಳುತ್ತದೆ. ಮರಣೋತ್ತರ ಪರೀಕ್ಷೆಯಿಲ್ಲದೆ ಕಾರಣವನ್ನು ಖಚಿತವಾಗಿ ಹೇಳಲಾಗದಿದ್ದರೂ, ನೀವು ಕಂಡ ಆಮೆ ಅಲೆಯ ಹೊಡೆತವನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲವೆಂದೇ ತೋರುತ್ತದೆ.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣಸಿಗುವುದು ಆಲಿವ್ ರಿಡ್ಲೆ ಜಾತಿಯ ಆಮೆ. ಬೆಳೆದ ಆಮೆಯ ಚಿಪ್ಪು ಎರಡು ಅಡಿಗಿಂತ ತುಸು ಹೆಚ್ಚು ಉದ್ದವಿದ್ದು, ತೂಕ ಸುಮಾರು 35ರಿಂದ 45 ಕಿಲೋ ಇರುತ್ತದೆ. ಆರೋಗ್ಯವಂತ ಹೆಣ್ಣಾಮೆ ದಡಕ್ಕೆ ಬರುವುದು ಮೊಟ್ಟೆಯಿಡಲು ಮಾತ್ರ. ಅದೂ ಸಾಮಾನ್ಯವಾಗಿ ರಾತ್ರಿ ಬಂದು, ಸುಮಾರು ಒಂದು ಗಂಟೆಯೊಳಗೆ ಕೆಲಸ ಮುಗಿಸಿ ತಾನಾಗಿಯೇ ಮರಳುತ್ತದೆ. ಹಾಡಹಗಲಲ್ಲಿ ಮಿಸುಕಾಡದೆ ಬಿದ್ದಿರುವ ಆಮೆ ಕಾಯಿಲೆ ಬಿದ್ದಿದೆ ಅಥವಾ ಗಾಯಗೊಂಡಿದೆ ಎಂದೇ ತಿಳಿಯಬೇಕು. ಚಿಪ್ಪಿನ ಮೇಲೆ ಪಾಚಿ, ಬಾರ್ನಕಲ್‌ಗಳು (ಅಂಟಿಕೊಂಡು ಬೆಳೆಯುವ ಗಟ್ಟಿ ಚಿಪ್ಪಿನ ಸಣ್ಣ ಕಡಲಜೀವಿಗಳು) ದಟ್ಟವಾಗಿ ಬೆಳೆದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಅದು ಬಹಳ ದಿನಗಳಿಂದ ನರಳುತ್ತಿದೆ ಎಂದರ್ಥ. ಕಣ್ಣೀರಿನ ಬಗ್ಗೆ ನಿಮ್ಮ ಅಮ್ಮನವರಿಗೆ ಒಂದು ಸಮಾಧಾನ ಹೇಳಬಲ್ಲೆ. ಕಡಲಿನಲ್ಲಿ ಬದುಕುವ ಆಮೆಯ ದೇಹ ಸೇರುವ ಹೆಚ್ಚಿನ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಗಳು ಹೊರಹಾಕುತ್ತವೆ. ಆರೋಗ್ಯವಾಗಿರುವ ಆಮೆಯ ಕಣ್ಣಿನಿಂದಲೂ ಆ ನೀರು ಇಳಿಯುತ್ತಿರುತ್ತದೆ.

ಇನ್ನು ಮುಂದೆ ಇಂಥ ಆಮೆ ಕಂಡರೆ ಮೊದಲು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ನಾಯಿಗಳನ್ನೂ ಜನರನ್ನೂ ದೂರವಿಡಿ, ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ. ಮೂಗಿನ ಹೊಳ್ಳೆಗಳು ಮಾತ್ರ ಮುಚ್ಚಬಾರದು. ಬಾಯಿಗೆ ನೀರು ಸುರಿಯುವುದು, ಮೀನು ತಿನ್ನಿಸಲು ನೋಡುವುದು ಬೇಡ. ಬಲೆಯನ್ನು ಎಳೆಯದೆ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ. ಮಾಂಸದೊಳಕ್ಕೆ ಇಳಿದುಹೋದ ಎಳೆಯಿದ್ದರೆ ಅದನ್ನು ಪಶುವೈದ್ಯರಿಗೇ ಬಿಡಿ, ಕಿತ್ತರೆ ರಕ್ತಸ್ರಾವ ಹೆಚ್ಚಬಹುದು. ಎತ್ತುವುದು ಅನಿವಾರ್ಯವಾದರೆ ಇಬ್ಬರು ಸೇರಿ ಚಿಪ್ಪಿನ ಅಂಚು ಹಿಡಿದು ಎತ್ತಬೇಕೇ ಹೊರತು ಕಾಲು ಹಿಡಿದು ಎಳೆಯಬಾರದು. ಬೆನ್ನ ಮೇಲೆ ಮಗುಚಿ ಹಾಕುವುದಂತೂ ಕೂಡದು, ಏಕೆಂದರೆ ಶ್ವಾಸಕೋಶಗಳು ಬೆನ್ನುಚಿಪ್ಪಿನ ಕೆಳಗೇ ಇದ್ದು, ಮಗುಚಿದಾಗ ಉಳಿದ ಅಂಗಗಳ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ.

ನಿಮ್ಮ ಅಣ್ಣ ದೋಣಿಗೆ ಹೋಗುವವರಾದರೆ ಅವರಿಗೂ ಅವರ ತಾಂಡೇಲರಿಗೂ (ದೋಣಿಯ ಮುಖ್ಯಸ್ಥರಿಗೂ) ಮುಖ್ಯವಾಗಿ ತಿಳಿಸಬೇಕಾದ ಸಂಗತಿಯೊಂದಿದೆ. ಬಲೆಯಲ್ಲಿ ಸಿಕ್ಕಿ ಬಹಳ ಹೊತ್ತು ನೀರೊಳಗೇ ಉಳಿದ ಆಮೆ ಮೇಲೆ ಬಂದಾಗ ಸತ್ತಂತೆಯೇ ಇರುತ್ತದೆ; ಉಸಿರಾಟ ಕಣ್ಣಿಗೆ ಕಾಣುವುದಿಲ್ಲ, ಕಾಲುಗಳು ಜೋಲುತ್ತವೆ. ಸತ್ತಿದೆಯೆಂದು ಅದನ್ನು ಕಡಲಿಗೆ ಎಸೆದರೆ ಆಗ ನಿಜವಾಗಿಯೂ ಮುಳುಗಿ ಸಾಯುತ್ತದೆ. ಅದರ ಬದಲು ಹೊಟ್ಟೆ ಕೆಳಗಾಗುವಂತೆ ಮಲಗಿಸಿ, ಶ್ವಾಸಕೋಶದ ನೀರು ಇಳಿದುಬರುವಂತೆ ಹಿಂಭಾಗವನ್ನು ಕನಿಷ್ಠ 15 ಸೆಂಟಿಮೀಟರ್ ಎತ್ತರಿಸಿ, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಇಡಬೇಕು. ಆಗಾಗ ಕಣ್ಣುರೆಪ್ಪೆಯನ್ನೋ ಬಾಲವನ್ನೋ ಮೆಲ್ಲನೆ ಮುಟ್ಟಿ ನೋಡಿದರೆ ಜೀವವಿರುವುದು ತಿಳಿಯುತ್ತದೆ. ಚೇತರಿಕೆಗೆ 4 ಗಂಟೆ ಸಾಕಾಗಬಹುದು, 24 ಗಂಟೆಯೂ ಹಿಡಿಯಬಹುದು. ಕೊಳೆತ ಗುರುತಿಲ್ಲದ ಯಾವ ಆಮೆಯನ್ನೂ ಅದಕ್ಕಿಂತ ಮೊದಲು ಸತ್ತಿತೆಂದು ಬಿಡಬಾರದೆಂಬುದು ನನ್ನ ಕಳಕಳಿಯ ಕೋರಿಕೆ.

ಪ್ರಶ್ನೆ: ಹೊನ್ನಾವರದ ಕಾಸರಕೋಡಿನಲ್ಲಿ ನಮ್ಮ ಮನೆಯ ಮುಂದಿನ ಮರಳಿನಲ್ಲಿ ಆಮೆ ಮೊಟ್ಟೆಯಿಟ್ಟಿದೆ. ನಾಯಿಗಳ ಕಾಟವಿದೆ. ಮೊಟ್ಟೆಗಳನ್ನು ಮನೆಗೆ ತಂದು ಮರಳಿನಲ್ಲಿ ಹೂತಿಟ್ಟು ಮರಿ ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಮೊಟ್ಟೆಯಿಟ್ಟ ಕೆಲವು ಗಂಟೆಗಳಲ್ಲೇ ಭ್ರೂಣವು ಮೊಟ್ಟೆಯ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಅನಂತರ ಮೊಟ್ಟೆ ಉರುಳಿದರೆ ಅದು ಸಾಯಬಹುದು. ಮರಳಿನ ಬಿಸಿಯೇ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದರಿಂದ ಗೂಡಿನ ಆಳ, ಜಾಗ ಬದಲಾದರೆ ಅದರ ಪರಿಣಾಮವೂ ಇದೆ. ಗೂಡಿನ ಜಾಗವನ್ನು ಅರಣ್ಯ ಇಲಾಖೆಗೆ ತಿಳಿಸಿ. ಸ್ಥಳಾಂತರ ಬೇಕೇ ಬೇಡವೇ ಎಂಬುದನ್ನು ತರಬೇತಿ ಪಡೆದವರು ತೀರ್ಮಾನಿಸಲಿ. ಗೂಡಿನ ಸುತ್ತ ನಾಯಿ ಕೆದರದಂತೆ ಬಲೆಯ ಆವರಣ ಹಾಕುವುದು ಎಷ್ಟೋ ಸಲ ಸಾಕಾಗುತ್ತದೆ.

ಸುಮಾರು ನೂರು ಮೊಟ್ಟೆಗಳಿರುವ ಗೂಡಿನಿಂದ 45ರಿಂದ 60 ದಿನಗಳಲ್ಲಿ, ಮರಳು ತಂಪಾದ ಮೇಲೆ ಹೆಚ್ಚಾಗಿ ರಾತ್ರಿಯಲ್ಲಿ ಮರಿಗಳು ಹೊರಬರುತ್ತವೆ. ಅವು ಹೆಚ್ಚು ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬಿ ಹೊರಡುವುದರಿಂದ ಅಂಗಳದ ದೀಪ ಅವನ್ನು ರಸ್ತೆಯ ಕಡೆಗೆ ಸೆಳೆದೀತು. ಆ ದಿನಗಳಲ್ಲಿ ಕಡಲಿಗೆ ಮುಖ ಮಾಡಿದ ದೀಪಗಳನ್ನು ಆರಿಸಿಬಿಡಿ. ಮರಿಗಳನ್ನು ಬಕೆಟ್ ನೀರಿನಲ್ಲಿ ಇಡಬಾರದು. ಮೊದಲ ದೂರದ ಈಜಿಗೆಂದು ಅವು ಹೊಟ್ಟೆಯಲ್ಲಿ ತಂದ ಶಕ್ತಿ ಅಲ್ಲೇ ಕರಗಿಹೋಗುತ್ತದೆ.

ಪ್ರಶ್ನೆ: ಬಲೆಗೆ ಬಿದ್ದ ಆಮೆಯ ಸುದ್ದಿ ತಿಳಿಸಿದರೆ ನಮ್ಮ ಮೇಲೆಯೇ ಕೇಸಾಗುವುದಿಲ್ಲವೇ? (ಅಂಕೋಲಾದ ಮೀನುಗಾರರೊಬ್ಬರು)

ಉತ್ತರ: ಆಲಿವ್ ರಿಡ್ಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. ಅದನ್ನು ಬೇಟೆಯಾಡುವುದು, ಮಾಂಸ ಅಥವಾ ಮೊಟ್ಟೆ ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು 3ರಿಂದ 7 ವರ್ಷಗಳ ಜೈಲಿಗೆ ದಾರಿಯಾಗುವ ಅಪರಾಧಗಳು. ಮೀನಿಗೆಂದು ಹಾಕಿದ ಬಲೆಗೆ ತಾನಾಗಿ ಬಿದ್ದ ಆಮೆಯನ್ನು ಬದುಕಿಸಲು ಇಲಾಖೆಯನ್ನು ಕರೆಯುವುದು ಅವುಗಳ ಸಾಲಿಗೆ ಸೇರುವುದಿಲ್ಲ. ಕರೆ ಮಾಡಿದ ಸಮಯ ಮತ್ತು ಆಮೆ ಸಿಕ್ಕ ಜಾಗವನ್ನು ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಮೀನುಗಾರರ ಸಹಕಾರಿ ಸಂಘಕ್ಕೂ ಒಂದು ಮಾತು ತಿಳಿಸಿಡಿ.