ಆಹಾರ ಮಾರಲು ಸರ್ಕಾರದ ಅಪ್ಪಣೆ ಯಾಕೆ?

ಪ್ರಶ್ನೆ: ಆಹಾರ ಚೆನ್ನಾಗಿಲ್ಲದಿದ್ದರೆ ಗಿರಾಕಿ ಬರೋದಿಲ್ಲ, ಅಂಗಡಿ ತಾನಾಗಿ ಮುಚ್ಚುತ್ತದೆ. ಯಾರು ಮಾರಬೇಕು ಅಂತ ಸರ್ಕಾರ ಯಾಕೆ ಹೇಳಬೇಕು?

ಉತ್ತರ: ಇದನ್ನು ಎಷ್ಟು ಜನ, ಎಷ್ಟು ಸಲ ಕೇಳಿದ್ದೀರಿ! ಗಿರಾಕಿಗೆ ರುಚಿ ಗೊತ್ತಾಗುತ್ತದೆ, ರೋಗಾಣು ಗೊತ್ತಾಗುವುದಿಲ್ಲ. ಟೈಫಾಯ್ಡ್ ಜ್ವರ ಶುರುವಾಗೋದು ಸಾಮಾನ್ಯವಾಗಿ ತಿಂದು ವಾರ, ಎರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ಹತ್ತು ಕಡೆ ತಿಂದಿರುತ್ತೀರಿ. ಯಾವ ಅಂಗಡಿ ಬಿಡ್ತೀರಿ?

ನ್ಯೂಯಾರ್ಕಿನ ಮೇರಿ ಮ್ಯಾಲನ್ ಮನೆಮನೆಗೆ ಅಡುಗೆ ಮಾಡುತ್ತಿದ್ದಳು. ಅವಳಿಗೆ ಜ್ವರದ ಸುಳಿವೇ ಇರಲಿಲ್ಲ, ಆದರೆ ಮೈಯೊಳಗೆ ಟೈಫಾಯ್ಡ್ ರೋಗಾಣು ಇತ್ತು. 1907ರಲ್ಲಿ ಹಿಡಿದು ದೂರ ಇಟ್ಟರು. ಇನ್ನು ಅಡುಗೆ ಮಾಡಲ್ಲ ಅಂತ ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯೋ ಕೆಲಸ ಸಿಕ್ಕಿತು, ಸಂಬಳ ಕಡಿಮೆ. ಹೆಸರು ಬದಲಿಸಿಕೊಂಡು ಮತ್ತೆ ಒಲೆ ಮುಂದೆ ನಿಂತಳು. 1915ರಲ್ಲಿ ಅವಳು ಸಿಕ್ಕಿದ್ದು ಒಂದು ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ. ಅಲ್ಲಿ 25 ಜನಕ್ಕೆ ಜ್ವರ ಬಂದಿತ್ತು, ಇಬ್ಬರು ಸತ್ತಿದ್ದರು.

ಹಾಗಾಗಿ ನಿಯಮ ಬೇಕೇ ಬೇಕು. ಆದರೆ ಹೊಟ್ಟೆಪಾಡಿಗೆ ದಾರಿ ತೋರಿಸದೆ ಸುಮ್ನೆ ನಿಷೇಧಿಸಿದರೆ ಜನ ಬಚ್ಚಿಟ್ಟುಕೊಳ್ಳುತ್ತಾರೆ. ದೊಡ್ಡ ಶುಲ್ಕ, ಕಟ್ಟುಗಟ್ಟಲೆ ಅರ್ಜಿ ಕೇಳಿದರೂ ಇದೇ ಕಥೆ. ಬಚ್ಚಿಟ್ಟ ಅಡುಗೆಮನೆಗೆ ಯಾವ ಇನ್ಸ್‌ಪೆಕ್ಟರ್ ಹೋಗುತ್ತಾನೆ? ನನ್ನ ಮಟ್ಟಿಗೆ, ಬ್ರೆಡ್ಡು, ಬಿಸ್ಕತ್ತಿನಂಥ ಒಣ ತಿನಿಸು ಮಾರುವವರು ಹೆಸರು, ಜಾಗ ಬರೆಸಿದರೆ ಸಾಕು, ಅದೂ ಪುಕ್ಕಟೆಯಾಗಿ. ಹಾಲು, ಮಾಂಸಕ್ಕೆ ಶುರು ಮಾಡುವ ಮೊದಲೇ ತಪಾಸಣೆ ಆಗಲಿ. ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ, ಬಿಸಿ ಇಡುವುದು 60ಕ್ಕಿಂತ ಮೇಲೆ. ವಾಂತಿ ಭೇದಿ ಆದವರು, ಅದು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು. ಆ ದಿನಗಳ ಕೂಲಿ ಕತ್ತರಿಸುವ ಮಾಲೀಕನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಕೂಲಿ ಹೋಗುತ್ತೆ ಅಂದರೆ ಯಾರು ತಾನೇ ಕಾಯಿಲೆ ಹೇಳಿಕೊಳ್ತಾರೆ?

ಡಬ್ಬಿಯಲ್ಲಿ ಮುಚ್ಚಿದ ತರಕಾರಿ, ಮಾಂಸದ ವಿಷಯದಲ್ಲಿ ಮಾತ್ರ ನನ್ನಿಂದ ರಿಯಾಯಿತಿ ಕೇಳಬೇಡಿ. ಗಾಳಿ ಇಲ್ಲದ, ಹುಳಿ ಕಡಿಮೆ ಇರುವ ಕಡೆ ಬಾಟ್ಯುಲಿಸಂ ಅನ್ನೋ ಮಾರಕ ಆಹಾರವಿಷದ ರೋಗಾಣು ಬೆಳೆಯುತ್ತದೆ. ಅದರ ಬೀಜಕಣ ಬರೀ ಕುದಿಯುವ ನೀರಿಗೆ ಸಾಯುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿವರೆಗೆ ಕಾಯಿಸಬೇಕು. ಅದು ಗೊತ್ತಿಲ್ಲದವರು ಮಾರಲೇಬಾರದು.

ಪ್ರಶ್ನೆ: ಹೊರಗೇ ಉಳಿದ ಅಡುಗೆಯನ್ನು ಚೆನ್ನಾಗಿ ಕುದಿಸಿ ಮಾರಬಹುದಲ್ವಾ?

ಉತ್ತರ: ಬೇಡ. ಸ್ಟ್ಯಾಫಿಲೊಕಾಕಸ್ ಅನ್ನೋ ರೋಗಾಣು ಸತ್ತರೂ ಅದು ಬಿಟ್ಟ ವಿಷ ಕುದಿಸಿದರೆ ಹೋಗುವುದಿಲ್ಲ.

ಪ್ರಶ್ನೆ: ಹೊಟ್ಟೆಯ ವಿಷ ತೆಗೆಯುವ ಪುಡಿ ತಗೊಂಡರೆ ಎಲ್ಲಿ ಬೇಕಾದರೂ ತಿನ್ನಬಹುದಂತೆ?

ಉತ್ತರ: ಅಂಥ ಪುಡಿ ಇಲ್ಲ. ಅದನ್ನು ಮಾರುವವನನ್ನೇ ಮೊದಲು ತಡೆಯಬೇಕು.

ಪ್ರಶ್ನೆ: ಗೋಡೆ ಮೇಲೆ ಲೈಸೆನ್ಸ್ ಇದ್ದರೆ ನಂಬಬಹುದಾ?

ಉತ್ತರ: ಲೈಸೆನ್ಸ್ ಕೊಟ್ಟ ದಿನ ಜಾಗ ಸರಿ ಇತ್ತು ಅಂತ ಮಾತ್ರ ಅದರ ಅರ್ಥ. ನಾನಂತೂ ಮೊದಲು ನೋಡೋದು ಕೈ ತೊಳೆಯೋ ಕಡೆ ಸೋಪು ಒದ್ದೆ ಇದೆಯಾ ಅಂತ.